ಬೀಜವಿಲ್ಲದ ಹುಲ್ಲು

ಹುಲ್ಲಿಗೆ ನಮ್ಮ ನುಡಿಯಲ್ಲಿ ದೊಡ್ಡ ಮರ್ಯಾದೆ ಇಲ್ಲ. ಒಂದು ವಸ್ತು ಲೆಕ್ಕಕ್ಕೆ ಬಾರದೆಂದು ಹೇಳಬೇಕಾದರೆ ತೃಣಮಾತ್ರ ಎನ್ನುತ್ತೇವೆ. ಒಬ್ಬರನ್ನು ಅಲಕ್ಷ್ಯ ಮಾಡಿದರೆ ಹುಲ್ಲಿಗಿಂತ ಕಡೆಯಾಗಿ ಕಂಡರು ಎನ್ನುತ್ತೇವೆ. ಆದರೆ ಬೆಳಗಿನ ಕಾಫಿಗೆ ನೀವು ಹಾಕಿಕೊಳ್ಳುವ ಹಾಲು ಎಲ್ಲಿಂದ ಬಂತೆಂದು ಒಮ್ಮೆ ಹಿಂದಕ್ಕೆ ನಡೆದು ನೋಡಿರಿ. ಪ್ಯಾಕೆಟ್ಟಿನಿಂದ ಡೈರಿಗೆ, ಡೈರಿಯಿಂದ ಹಳ್ಳಿಯ ಹಾಲಿನ ಸೊಸೈಟಿಗೆ, ಸೊಸೈಟಿಯಿಂದ ಮುಂಜಾನೆ ಕ್ಯಾನು ಹಿಡಿದು ಬಂದ ಒಬ್ಬ ಗೃಹಿಣಿಯ ಹಟ್ಟಿಗೆ, ಆ ಹಟ್ಟಿಯಲ್ಲಿ ಹಸುವಿನ ಮುಂದೆ ಹಾಕಿದ ಒಂದು ಹೊರೆ ಹುಲ್ಲಿಗೆ ಬಂದು ಆ ದಾರಿ ನಿಲ್ಲುತ್ತದೆ. ಆ ಹೊರೆ ಇಲ್ಲದ ದಿನ ಉಳಿದುದೆಲ್ಲ ಇಲ್ಲ.

ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಹುಲ್ಲಿನ ವಿಚಾರ. ಅದು ಗುಡ್ಡದಲ್ಲಿ ತಾನಾಗಿ ಹುಟ್ಟಿದ ಹುಲ್ಲಲ್ಲ. ಎರಡು ಬೇರೆ ಬೇರೆ ಜಾತಿಯ ಹುಲ್ಲುಗಳನ್ನು ಕೂಡಿಸಿ ಮನುಷ್ಯನು ಪಡೆದ ಮಿಶ್ರತಳಿ. ನಮ್ಮ ಕಡೆ ಜನರು ಅದನ್ನು ನೇಪಿಯರ್ ಹುಲ್ಲು ಎಂದೇ ಕರೆಯುತ್ತಾರೆ. ಪುಸ್ತಕದವರು ಅದಕ್ಕೆ ಸಜ್ಜೆ-ನೇಪಿಯರ್ ಸಂಕರ ಹುಲ್ಲು ಎನ್ನುತ್ತಾರೆ.

ಮೊದಲು ನಮ್ಮ ಕರಾವಳಿಯ ಸ್ಥಿತಿಯನ್ನು ನೋಡೋಣ. ತೆಕ್ಕಟ್ಟೆಯನ್ನು ನೀವು ಹೆದ್ದಾರಿಯ ಬಸ್ಸಿನಿಂದಲಾದರೂ ಕಂಡಿರಬಹುದು. ಪಡುವಲಿಗೆ ಕಡಲು; ಮೂಡಲಿಗೆ ಬೈಲುಗದ್ದೆ; ಅದಕ್ಕೂ ಆಚೆ ಮುರಕಲ್ಲಿನ ಹಾಡಿ, ಹಕ್ಕಲು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುತ್ತದೆ. ಇಂಥ ನಾಡಿನಲ್ಲಿ ದನಕ್ಕೆ ಹುಲ್ಲಿನ ಬರ ಎಂದರೆ ಘಟ್ಟದ ಮೇಲಿನವರು ನಂಬಲಾರರು. ಆದರೆ ಆ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಕಡಲಿಗೆ ಹರಿದುಹೋಗುತ್ತದೆ. ಆಸಾಡಿ ತಿಂಗಳಿನಲ್ಲಿ ಗದ್ದೆಯ ಅಂಚಿನ ಹುಲ್ಲನ್ನು ಎಷ್ಟು ಕೊಯ್ದರೂ ಮುಗಿಯದು. ದೀಪಾವಳಿ ಕಳೆಯುತ್ತಲೇ ಹಕ್ಕಲಿನ ಹುಲ್ಲು ತೆನೆ ಬಿಟ್ಟು ಹಳದಿಗೆ ತಿರುಗುತ್ತದೆ. ಶಿವರಾತ್ರಿಯ ಹೊತ್ತಿಗೆ ಅದು ಬರಿಯ ಕಡ್ಡಿ. ಅಲ್ಲಿಂದ ಮುಂದೆ ಹೊಸ ಮಳೆಯವರೆಗೆ ಹಸುವಿಗೆ ಹಸುರು ಎಂಬುದು ದೂರದ ಮಾತು.

ಹಿಂದೆ ಈ ಕೊರತೆಯನ್ನು ಬೈಹುಲ್ಲು ತುಂಬುತ್ತಿತ್ತು. ಕೊಯ್ಲು ಮುಗಿದ ಮೇಲೆ ಮನೆಮನೆಯ ಬಳಿ ಹುಲ್ಲಿನ ಕುತ್ರಿ ಏಳುತ್ತಿತ್ತು. ಕುತ್ರಿಯ ಎತ್ತರವನ್ನು ನೋಡಿ ಮನೆಯ ಸ್ಥಿತಿಯನ್ನು ಅಳೆಯುತ್ತಿದ್ದರು. ಈಗ ಎಷ್ಟೋ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಬೇಸಾಯ ನಡೆದಲ್ಲಿಯೂ ಕೊಯ್ಲಿನ ಯಂತ್ರ ಬಂದಿದೆ. ಒದ್ದೆ ಗದ್ದೆಯಲ್ಲಿ ಅದು ಓಡಾಡಿದರೆ ಅರ್ಧ ಹುಲ್ಲು ಕೆಸರಿನ ಪಾಲು. ಹಾಗಾಗಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲನ್ನು ಹಣ ಕೊಟ್ಟು ಇಳಿಸಿಕೊಳ್ಳಬೇಕಾಗಿದೆ. ಬೈಹುಲ್ಲು ಹೊಟ್ಟೆಯನ್ನು ತುಂಬಿಸೀತು. ಅದರಲ್ಲಿ ಸಾರವಿರುವುದು ಸ್ವಲ್ಪವೇ.

ಅಷ್ಟರಲ್ಲಿ ಹಟ್ಟಿಯ ಹಸುವೂ ಬದಲಾಯಿತು. ನಮ್ಮ ಹಿರಿಯರು ಸಾಕುತ್ತಿದ್ದುದು ಮೂರಡಿಯ ಆಸುಪಾಸಿನ ಗಿಡ್ಡ ಹಸು. ಮಲೆನಾಡು ಗಿಡ್ಡ ಎಂಬ ಹೆಸರಿನಿಂದ ಇಂದು ಅದಕ್ಕೆ ದೇಶೀ ತಳಿಗಳ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಬೆಳಗ್ಗೆ ಬಿಟ್ಟರೆ ಗುಡ್ಡ ಸುತ್ತಿ, ಸಿಕ್ಕಿದ್ದನ್ನು ತಿಂದು, ಸಂಜೆ ತಾನಾಗಿ ಹಟ್ಟಿಗೆ ಬರುತ್ತಿತ್ತು. ಅಕ್ಕಚ್ಚು ಕೊಟ್ಟರೆ ಅದೇ ಅದಕ್ಕೆ ಹಬ್ಬ. ಕೊಡುವ ಹಾಲು ಕಡಿಮೆ, ಕೇಳುವುದೂ ಕಡಿಮೆ. ಈಗಿನ ಜರ್ಸಿ, ಹೋಲ್‌ಸ್ಟೀನ್ ರಕ್ತದ ಮಿಶ್ರತಳಿಯ ಹಸು ಅದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದು. ಅದು ಗುಡ್ಡ ಹತ್ತಲಾರದು. ಹತ್ತಿದರೂ ಅಲ್ಲಿ ಅದಕ್ಕೆ ಸಾಕಾಗುವಷ್ಟು ಮೇವಿಲ್ಲ. ಹಸುವನ್ನು ಮಿಶ್ರತಳಿ ಮಾಡಿದ ಮೇಲೆ ಹುಲ್ಲನ್ನೂ ಮಾಡಬೇಕಾಯಿತು ಎಂದರೆ ವಿಷಯವನ್ನು ಅರ್ಧ ಹೇಳಿದಂತೆ ಆಯಿತು.

ಇದರಲ್ಲಿ ಪಣಕ್ಕೆ ಬಿದ್ದಿರುವುದೇನು? ಎರಡು ಹಸುಗಳ ಒಂದು ಮನೆಯನ್ನು ಎಣಿಸಿಕೊಳ್ಳಿರಿ. ಗಂಡಸು ಬೆಂಗಳೂರಿನ ಹೋಟೆಲಿನಲ್ಲೋ ಮುಂಬಯಿಯಲ್ಲೋ ಇದ್ದಾನೆ. ಊರಿನ ಮನೆಯಲ್ಲಿ ಹೆಂಡತಿ, ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಕ್ಕಳು. ಸೊಸೈಟಿಗೆ ಹಾಕಿದ ಹಾಲಿನ ಹಣದಿಂದ ಮಕ್ಕಳ ಪುಸ್ತಕ, ಅತ್ತೆಯ ಮದ್ದು, ಅಂಗಡಿಯ ಸಾಲ ಎಲ್ಲ ನಡೆಯಬೇಕು. ಹುಲ್ಲಿಲ್ಲದ ತಿಂಗಳಲ್ಲಿ ಆ ಹೆಂಗಸು ಹಿಂಡಿಯನ್ನು ಹೆಚ್ಚಿಸುತ್ತಾಳೆ. ಹಿಂಡಿಯ ಅಂಗಡಿಗೆ ಕೊಟ್ಟು ಉಳಿದುದನ್ನು ಎಣಿಸಿದರೆ ದುಡಿಮೆಯ ಕೂಲಿಯೂ ಹುಟ್ಟದು. ಒಂದು ವರ್ಷ ನೋಡುತ್ತಾಳೆ, ಎರಡು ವರ್ಷ ನೋಡುತ್ತಾಳೆ, ಮೂರನೆಯ ವರ್ಷ ಹಸುವನ್ನು ಮಾರಿ ಹಟ್ಟಿಯಲ್ಲಿ ಸೌದೆ ಒಟ್ಟುತ್ತಾಳೆ. ಹೀಗೆ ಹಟ್ಟಿ ಬರಿದಾಗುವ ಮನೆಗಳು ನಮ್ಮ ಸುತ್ತಮುತ್ತ ಕಡಿಮೆಯಲ್ಲ. ಹುಲ್ಲಿನ ಪ್ರಶ್ನೆ ಅಂಥ ಮನೆಯ ಸ್ವಂತ ದುಡ್ಡಿನ ಪ್ರಶ್ನೆ.

ಇನ್ನು ಆ ಹುಲ್ಲಿನ ತಾಯಿತಂದೆಯರ ಪರಿಚಯ. ತಾಯಿ ಸಜ್ಜೆ. ಉತ್ತರ ಕರ್ನಾಟಕದವರು ರೊಟ್ಟಿ ಬಡಿದು ತಿನ್ನುವ ಸಜ್ಜೆಯೇ ಅದು. ಅದರ ದಂಟು ರಸಭರಿತ, ಎಲೆ ಮೆದು, ಬೆಳವಣಿಗೆ ಚುರುಕು. ಆದರೆ ಅದರ ಆಯುಸ್ಸು ಒಂದೇ ಬೆಳೆ. ತೆನೆ ಬಲಿತರೆ ಗಿಡ ಸತ್ತಿತು. ತಂದೆ ನೇಪಿಯರ್ ಹುಲ್ಲು, ಆಫ್ರಿಕ ಖಂಡದ್ದು. ಅದನ್ನು ಆನೆಹುಲ್ಲು ಎಂದೂ ಕರೆಯುವುದುಂಟು. ಇಂದು ಜಿಂಬಾಬ್ವೆ ಎನಿಸಿರುವ, ಅಂದಿನ ರೊಡೇಷಿಯದ ಬುಲವಾಯೊ ಊರಿನ ಕರ್ನಲ್ ನೇಪಿಯರ್ ಎಂಬವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದು ದನಕ್ಕೆ ಒಳ್ಳೆಯ ಮೇವು ಎಂದು ಅಲ್ಲಿನ ಸರ್ಕಾರದ ಗಮನಕ್ಕೆ ತಂದರು. ಅವರ ಹೆಸರೇ ಹುಲ್ಲಿಗೆ ನಿಂತಿತು. ೧೯೧೨ರ ಸುಮಾರಿಗೆ ಅದು ಭಾರತಕ್ಕೂ ಬಂತು. ಆಳೆತ್ತರಕ್ಕೂ ಮೀರಿ ಬೆಳೆಯುವುದು, ಕೊಯ್ದಷ್ಟೂ ಚಿಗುರುವುದು, ವರ್ಷಗಟ್ಟಲೆ ಬದುಕುವುದು ಅದರ ಗುಣ. ದಂಟು ಗಡುಸು, ಎಲೆಯ ಅಂಚು ಹರಿತ, ಮೈಯೆಲ್ಲ ಸುಂಕು ಎಂಬುದು ಅದರ ದೋಷ.

ಒಂದರ ಮಾರ್ದವ ಇನ್ನೊಂದರ ದೀರ್ಘಾಯುಸ್ಸಿನೊಡನೆ ಕೂಡಿದರೆ? ತಳಿ ಬೆಳೆಸುವವರು ಕೇಳಿಕೊಂಡ ಪ್ರಶ್ನೆ ಇದು. ಕೂಡಿಸುವ ಕೆಲಸಕ್ಕೆ ಸಜ್ಜೆಯ ಸ್ವಭಾವವೇ ಸಹಾಯ ಮಾಡುತ್ತದೆ. ಸಜ್ಜೆಯ ತೆನೆಯಲ್ಲಿ ಹೆಣ್ಣುಭಾಗವಾದ ಶಲಾಕಾಗ್ರಗಳು ಮೊದಲು ಹೊರಗೆ ಇಣುಕುತ್ತವೆ. ಪರಾಗವನ್ನು ಹೊತ್ತ ಗಂಡುಭಾಗ ಬರುವುದು ಒಂದೆರಡು ದಿನ ಕಳೆದ ಮೇಲೆ. ಆ ನಡುವಣ ಅವಕಾಶವೇ ಮುಹೂರ್ತ. ತೆನೆ ಹೊರಬೀಳುವಾಗಲೇ ಅದಕ್ಕೆ ಕಾಗದದ ಚೀಲ ತೊಡಿಸಿ ಬೇರೆ ಪರಾಗ ತಾಗದಂತೆ ಕಾಯುತ್ತಾರೆ. ಸಮಯ ನೋಡಿ ಚೀಲ ತೆಗೆದು, ನೇಪಿಯರ್ ಹೂವಿನ ಪರಾಗವನ್ನು ಉದುರಿಸಿ, ಮತ್ತೆ ಚೀಲ ಕಟ್ಟುತ್ತಾರೆ. ನೇಪಿಯರ್ ಹೂ ಬಿಡುವುದು ಹಗಲು ಕಿರಿದಾಗುವ ಚಳಿಗಾಲದಲ್ಲಿ. ಆದುದರಿಂದ ವಧೂವರರು ಒಂದೇ ದಿನಕ್ಕೆ ಸಿದ್ಧರಾಗುವಂತೆ ಸಜ್ಜೆಯನ್ನು ಹಲವು ಕಂತುಗಳಲ್ಲಿ ಬಿತ್ತಿರಬೇಕು. ಹೀಗೆ ಬಂದ ಕಾಳುಗಳನ್ನು ಬಿತ್ತಿದರೆ ಏಳುವ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಒಂದು ಎತ್ತರ, ಒಂದು ಗಿಡ್ಡ; ಒಂದಕ್ಕೆ ಎಲೆ ಹೆಚ್ಚು, ಒಂದಕ್ಕೆ ದಂಟೇ ಹೆಚ್ಚು. ಆ ನೂರಾರು ಸಸಿಗಳನ್ನು ವರ್ಷಗಳ ಕಾಲ ಕೊಯ್ದು, ತೂಗಿ, ದನಕ್ಕೆ ಹಾಕಿ ನೋಡಿ, ಕೊನೆಗೆ ಒಂದನ್ನು ಆರಿಸುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಅರಿಸಮಾಸದ ನೆನಪು ಬರುವುದು ಸಹಜ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸಿ ಸಮಾಸ ಮಾಡಬಾರದೆಂಬುದು ಕೇಶಿರಾಜನ ನಿಯಮ. ಆದರೂ ಬಿರುದುಗಳಲ್ಲಿ ಬಂದುದನ್ನು, ಹಿಂದಿನ ಕವಿಗಳು ಬಳಸಿ ನೆಲೆನಿಂತುದನ್ನು ಅವನೂ ಒಪ್ಪಿದ. ಜಾತಿ ಬೇರೆಯಾದ ಎರಡನ್ನು ಕೂಡಿಸಿದರೆ ಹೆಚ್ಚಿನವು ನಿಲ್ಲುವುದಿಲ್ಲ. ನಿಂತುದು ನುಡಿಗೆ ಆಸ್ತಿ. ಗಿಡಗಳಲ್ಲಿಯೂ ಹಾಗೆಯೇ. ನಿಯಮವನ್ನು ಬಲ್ಲವನಿಗೆ ಮಾತ್ರ ಅಪವಾದವನ್ನು ಆರಿಸುವ ಕಣ್ಣು ಇರುತ್ತದೆ.

ಈ ಕೆಲಸ ನಮ್ಮ ದೇಶದಲ್ಲಿ ಮೊದಲು ಫಲಿಸಿದುದು ಕೊಯಮತ್ತೂರಿನಲ್ಲಿ, ೧೯೫೩ರಲ್ಲಿ. ಆಗ ತೆಕ್ಕಟ್ಟೆಯೂ ಕುಂದಾಪುರವೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ೧೯೫೬ರ ನವೆಂಬರ್ ೧ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹಾಗೆ ನೋಡಿದರೆ ಈ ಹುಲ್ಲು ಹುಟ್ಟಿದಾಗ ನಾವೂ ಅದೂ ಒಂದೇ ರಾಜ್ಯದವರು. ಕೊಯಮತ್ತೂರಿಗೆ ಇಂಥ ಕೆಲಸ ಹೊಸದೇನೂ ಆಗಿರಲಿಲ್ಲ. ೧೯೧೨ರಲ್ಲಿ ಅಲ್ಲಿ ಕಬ್ಬಿನ ತಳಿಕೇಂದ್ರ ತೆರೆದಿತ್ತು. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಎಂಬ ವಿಜ್ಞಾನಿಗಳು ಸಿಹಿಯಾದ ಸಾಕು ಕಬ್ಬನ್ನು ಹೊಳೆದಂಡೆಯ ಕಾಶದ ಹುಲ್ಲಿನೊಡನೆ ಕೂಡಿಸಿ ೧೯೧೮ರಲ್ಲಿ ಕೊ-೨೦೫ ಎಂಬ ಕಬ್ಬನ್ನು ಹೊರತಂದರು. ಶರತ್ಕಾಲದ ವರ್ಣನೆಯಲ್ಲಿ ಸಂಸ್ಕೃತ ಕವಿಗಳು ಮರೆಯದೆ ಹೇಳುವ ಬಿಳಿಯ ಕಾಶಪುಷ್ಪದ ಗಿಡವೇ ಅದು. ಅದರಲ್ಲಿ ಸಕ್ಕರೆ ಇಲ್ಲ, ಗಟ್ಟಿತನವಿದೆ. ಆ ಗಟ್ಟಿತನವನ್ನು ಪಡೆದ ಕಬ್ಬು ಉತ್ತರ ಹಿಂದೂಸ್ತಾನದ ಚಳಿಯನ್ನೂ ಬರವನ್ನೂ ತಾಳಿಕೊಂಡಿತು. ಕಬ್ಬಿನಲ್ಲಿ ಆದುದು ಮೇವಿನಲ್ಲಿ ಏಕಾಗಬಾರದು?

ಕೊಯಮತ್ತೂರಿನ ಬಳಿಕ ೧೯೬೧ರ ಸುಮಾರಿಗೆ ದಿಲ್ಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಿಂದ ಪೂಸಾ ಜೈಂಟ್ ನೇಪಿಯರ್ ಬಂತು, ಲೂಧಿಯಾನದಿಂದ ಎನ್.ಬಿ-೨೧ ಬಂತು, ಕೊಯಮತ್ತೂರಿನಿಂದಲೇ ಮುಂದೆ ಕೊ-೩, ಕೊ-೪, ಕೊ-೫ ಬಂದವು. ಮೇವಿಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ೧೯೬೨ರಲ್ಲಿ ಝಾನ್ಸಿಯಲ್ಲಿ ಸ್ಥಾಪಿತವಾಯಿತು. ಅದರ ದಕ್ಷಿಣದ ಕೇಂದ್ರ ನಮ್ಮ ಧಾರವಾಡದಲ್ಲಿದೆ. ಡಿ.ಎಚ್.ಎನ್-೬, ಅಂದರೆ ಸಂಪೂರ್ಣ, ಎಂಬ ತಳಿ ಧಾರವಾಡದ ಕೊಡುಗೆ.

ಈಗ ಈ ಹುಲ್ಲಿನ ಗುಟ್ಟಿಗೆ ಬರೋಣ. ಪ್ರತಿಯೊಂದು ಜೀವಿಯ ಕಣದೊಳಗೂ ಅದರ ವಂಶದ ಲಕ್ಷಣಗಳನ್ನು ಹೊತ್ತ ಎಳೆಗಳಿವೆ. ಅವನ್ನು ವರ್ಣತಂತುಗಳೆನ್ನುತ್ತಾರೆ. ಅವು ಜೋಡಿ ಜೋಡಿಯಾಗಿರುತ್ತವೆ. ಸಜ್ಜೆಗೆ ೧೪, ನೇಪಿಯರಿಗೆ ೨೮. ಸಂತಾನಕ್ಕೆ ಪ್ರತಿಯೊಬ್ಬರೂ ಅರ್ಧ ಕೊಡಬೇಕಷ್ಟೆ. ಸಜ್ಜೆ ೭ ಕೊಟ್ಟಿತು, ನೇಪಿಯರ್ ೧೪ ಕೊಟ್ಟಿತು. ಮಗುವಿಗೆ ದೊರೆತುದು ೨೧. ಬೆಸವಾದ ಈ ಸಂಖ್ಯೆಯನ್ನು ಜೋಡಿ ಮಾಡುವುದು ಹೇಗೆ? ಬೀಜ ಕಟ್ಟುವ ಹೊತ್ತಿಗೆ ಎಳೆಗಳು ಜೋಡಿ ಸಿಗದೆ ಗೊಂದಲಕ್ಕೆ ಬೀಳುತ್ತವೆ. ಹೂ ಬಿಡುತ್ತದೆ, ಕಾಳು ಕಟ್ಟುವುದಿಲ್ಲ. ಕುದುರೆ ಕತ್ತೆಗಳಿಗೆ ಹುಟ್ಟಿದ ಹೇಸರಗತ್ತೆ ಹೊರೆ ಹೊರುವುದರಲ್ಲಿ ಗಟ್ಟಿ, ಆದರೆ ಮರಿ ಹಾಕುವುದಿಲ್ಲ, ಹಾಗೆಯೇ ಇದೂ. ಗಣಪತಿಗೆ ೨೧ ಗರಿಕೆ ಏರಿಸುವ ಸಂಪ್ರದಾಯವನ್ನು ಬಲ್ಲ ನಮ್ಮವರಿಗೆ ಈ ಸಂಖ್ಯೆಯನ್ನು ಕೇಳಿ ನಗು ಬಂದೀತು. ಕಾಕತಾಳೀಯವೇ ಸರಿ, ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯದು.

ಬೀಜವಿಲ್ಲದ್ದು ಬೆಳೆಯುವುದೆಂತು? ಬಾಳೆಯನ್ನು ನೋಡಿರಿ. ನಾವು ತಿನ್ನುವ ಬಾಳೆಗೂ ಇದೇ ಬಗೆಯ ಬೆಸದ ಲೆಕ್ಕ, ಅದಕ್ಕೂ ಬೀಜವಿಲ್ಲ. ಬುಡದ ಕಂದನ್ನು ಕಿತ್ತು ನೆಡುತ್ತೇವೆ. ಈ ಹುಲ್ಲಿನಲ್ಲಿ ಗೆಣ್ಣೇ ಕಂದು. ಬಲಿತ ದಂಟನ್ನು ಎರಡು ಮೂರು ಗೆಣ್ಣುಗಳ ತುಂಡುಗಳಾಗಿ ಕತ್ತರಿಸಿ ಓರೆಯಾಗಿ ನೆಟ್ಟರೆ ಮಣ್ಣೊಳಗಿನ ಗೆಣ್ಣು ಬೇರು ಬಿಡುತ್ತದೆ. ಅಮರಕೋಶವು ಗರಿಕೆಗೆ ಕೊಡುವ ಪರ್ಯಾಯ ಪದಗಳಲ್ಲಿ ಶತಪರ್ವಿಕಾ ಎಂಬುದೊಂದು. ನೂರು ಗೆಣ್ಣುಳ್ಳದ್ದು ಎಂದು ಅದರ ಅರ್ಥ. ಹುಲ್ಲಿನ ಪ್ರಾಣ ಗೆಣ್ಣಿನಲ್ಲಿ ಎಂಬುದನ್ನು ನಮ್ಮ ಹಿಂದಿನವರು ಎಷ್ಟು ಹತ್ತಿರದಿಂದ ನೋಡಿದ್ದರು!

ಗರಿಕೆಯ ಮಾತು ಬಂದುದರಿಂದ ಪಟ್ಟಣದ ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ತೆಕ್ಕಟ್ಟೆಯ ಪಕ್ಕದ ಕುಂಭಾಶಿಯ ಆನೆಗುಡ್ಡೆಯಲ್ಲಿ ವಿನಾಯಕನಿಗೆ ಏರುವ ಈ ಪುಟ್ಟ ಹುಲ್ಲಿಗೂ ಮಿಶ್ರತಳಿಗಳಿವೆ. ಅಮೆರಿಕದ ಜಾರ್ಜಿಯ ಸಂಸ್ಥಾನದ ಟಿಫ್ಟನ್ ಎಂಬ ಊರಿಗೆ ೧೯೩೬ರಲ್ಲಿ ಗ್ಲೆನ್ ಬರ್ಟನ್ ಎಂಬ ಯುವಕ ವಿಜ್ಞಾನಿ ಬಂದರು. ಅಲ್ಲಿಯ ಹತ್ತಿ ಬೆಳೆಗಾರರಿಗೆ ಗರಿಕೆ ಎಂದರೆ ತೊಲಗದ ಕಳೆ. ಹತ್ತಿಯ ಹೊಲದಲ್ಲೇ ಸಿಕ್ಕಿದ ಒಂದು ಗರಿಕೆಯನ್ನು ಆಫ್ರಿಕದ ಗರಿಕೆಯೊಡನೆ ಕೂಡಿಸಿ, ೧೯೪೩ರಲ್ಲಿ ಅವರು ಕೋಸ್ಟಲ್ ಎಂಬ ಮೇವಿನ ಹುಲ್ಲನ್ನು ಹೊರತಂದರು. ಕಳೆ ಎನಿಸಿದ್ದು ಲಕ್ಷಾಂತರ ಎಕರೆಗಳಲ್ಲಿ ಬೆಳೆಯಾಯಿತು. ಆಮೇಲೆ ೩೬ ವರ್ಣತಂತುಗಳ ನಮ್ಮ ಗರಿಕೆಯ ಜಾತಿಯನ್ನು ೧೮ರ ಸಣ್ಣೆಲೆಯ ಆಫ್ರಿಕದ ಜಾತಿಯೊಡನೆ ಕೂಡಿಸಿದ ತಳಿಗಳು ಬಂದವು. ಟಿಫ್‌ಗ್ರೀನ್ ೧೯೫೬ರಲ್ಲಿ, ಟಿಫ್‌ವೇ ೧೯೬೦ರಲ್ಲಿ. ೨೭ರ ಬೆಸದ ಈ ಹುಲ್ಲುಗಳೂ ಬೀಜ ಕಟ್ಟುವುದಿಲ್ಲ. ಟೆಲಿವಿಷನ್ನಿನಲ್ಲಿ ನೀವು ಕಾಣುವ ಬಿಸಿನಾಡುಗಳ ಗಾಲ್ಫ್, ಫುಟ್ಬಾಲ್ ಮೈದಾನಗಳಲ್ಲಿ ಎಷ್ಟೋ ಈ ಮನೆತನದ ಹುಲ್ಲಿನವು.

ಆ ಬರ್ಟನ್ನರ ಋಣ ನಮ್ಮ ದೇಶದ ಮೇಲೆ ಇನ್ನೊಂದು ರೀತಿಯಲ್ಲಿದೆ. ಅವರು ಕಂಡುಹಿಡಿದ, ಪರಾಗ ಬಿಡದ ಒಂದು ಸಜ್ಜೆಯ ಸಾಲನ್ನು ಭಾರತಕ್ಕೆ ಕೊಟ್ಟರು. ಅದನ್ನು ಬಳಸಿ ಲೂಧಿಯಾನದ ಡಿ. ಎಸ್. ಅಠ್ವಾಲ್ ೧೯೬೫ರಲ್ಲಿ ಎಚ್.ಬಿ-೧ ಎಂಬ ನಮ್ಮ ಮೊದಲ ಮಿಶ್ರ ಸಜ್ಜೆಯನ್ನು ಕೊಟ್ಟರು. ಮೈದಾನದ ಹುಲ್ಲು, ದನದ ಹುಲ್ಲು, ಬಡವನ ರೊಟ್ಟಿ ಮೂರಕ್ಕೂ ಒಂದೇ ವಿದ್ಯೆ ಆಧಾರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ವಿದ್ಯೆಗೂ ಮಿತಿಯಿತ್ತು. ಕೆಲವು ವರ್ಷಗಳಲ್ಲೇ ಬೂಜು ರೋಗ ಬಂದು ಎಚ್.ಬಿ-೧ ಸೋತಿತು, ಹೊಸ ತಳಿಗಳನ್ನು ಹುಡುಕಬೇಕಾಯಿತು.

ಈ ಮಿತಿಯನ್ನು ಮರೆತರೆ ನಮ್ಮ ಹಟ್ಟಿಗೂ ಹಾನಿ. ಮಿಶ್ರತಳಿಯ ಹುಲ್ಲು ಗಾಳಿಯನ್ನು ಉಂಡು ಬೆಳೆಯುವುದಿಲ್ಲ. ಲೆಕ್ಕವನ್ನೇ ಹಾಕೋಣ. ಹತ್ತು ಸೆಂಟ್ಸ್ ಎಂದರೆ ಸುಮಾರು ೪೦೦ ಚದರ ಮೀಟರು. ಸಾಲಿನಿಂದ ಸಾಲಿಗೆ ೬೦ ಸೆಂಟಿಮೀಟರು, ಗಿಡದಿಂದ ಗಿಡಕ್ಕೆ ೫೦ ಸೆಂಟಿಮೀಟರು ಬಿಟ್ಟರೆ ಅದರಲ್ಲಿ ೧೩೦೦ ತುಂಡುಗಳು ಹಿಡಿಸುತ್ತವೆ. ನೀರು, ಗೊಬ್ಬರ ಸರಿಯಾಗಿರುವ ಸಂಶೋಧನ ಕ್ಷೇತ್ರಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ೨೫೦ ಟನ್ನಿಗೂ ಮಿಕ್ಕಿ ಹಸಿಹುಲ್ಲು ಬರುತ್ತದೆ. ಹತ್ತು ಸೆಂಟ್ಸಿಗೆ ಅದು ೧೦ ಟನ್, ಅಂದರೆ ದಿನಕ್ಕೆ ೨೭ ಕಿಲೊ. ಹಾಲು ಕರೆಯುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ೨೫ರಿಂದ ೩೦ ಕಿಲೊ ಹಸಿಮೇವು ಬೇಕು. ಹಾಗಾದರೆ ಹತ್ತು ಸೆಂಟ್ಸಿಗೆ ಒಂದು ಹಸು ಎಂದಾಯಿತು. ಮನೆಯ ಜಾಗದಲ್ಲಿ ಸಂಶೋಧನ ಕ್ಷೇತ್ರದ ಅರ್ಧ ಬಂದರೂ ಇಪ್ಪತ್ತು ಸೆಂಟ್ಸಿನಲ್ಲಿ ಒಂದು ಹಸುವಿನ ಹಸುರು ನಿಶ್ಚಿತ. ಹಡಿಲು ಬಿದ್ದ ಬೆಟ್ಟುಗದ್ದೆಯ ಒಂದು ಮೂಲೆ ಇದಕ್ಕೆ ಸಾಕು.

ಆದರೆ ಹತ್ತು ಟನ್ ಹುಲ್ಲು ಮಣ್ಣಿನಿಂದ ಎದ್ದು ಹೋಗುವಾಗ ಮಣ್ಣಿನ ಸಾರವೂ ಜೊತೆಯಲ್ಲಿ ಹೋಗುತ್ತದೆ. ಅದನ್ನು ಸೆಗಣಿ ಗೊಬ್ಬರವಾಗಿ, ಗಂಜಲವಾಗಿ ಹಿಂದಿರುಗಿಸಲೇಬೇಕು. ಹಟ್ಟಿ ತೊಳೆದ ನೀರು, ಬಚ್ಚಲಿನ ನೀರು ಹುಲ್ಲಿನ ಸಾಲಿಗೆ ಹೋಗುವಂತೆ ಒಂದು ಕಣಿ ತೋಡಿದರೆ ಬೇಸಿಗೆಯ ಅರ್ಧ ಚಿಂತೆ ತೀರಿತು. ನಮ್ಮ ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತರೆ ಹುಲ್ಲು ಕೊಳೆಯುತ್ತದೆ. ಆದುದರಿಂದ ಏರು ಮಾಡಿ ನೆಡಬೇಕು. ಹುಳಿ ಮಣ್ಣಾದರೆ ಸುಣ್ಣ ಹಾಕಬೇಕು. ನೆಟ್ಟ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಅನಂತರ ೪೫ ದಿನಗಳಿಗೊಮ್ಮೆ, ನೆಲದಿಂದ ಗೇಣಿನಷ್ಟು ಬಿಟ್ಟು. ತಡಮಾಡಿದರೆ ದಂಟು ಸೌದೆಯಾಗುತ್ತದೆ. ಆತುರಪಟ್ಟು ತೀರ ಎಳೆಯದನ್ನು ಕೊಯ್ದರೆ ಇನ್ನೊಂದು ಕಷ್ಟ: ಎಳೆಯ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಲವಣ ಹೆಚ್ಚು. ಅದು ಹಸುವಿನ ಮೈಯ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಅದಕ್ಕಾಗಿ ಈ ಹುಲ್ಲೊಂದನ್ನೇ ಹಾಕದೆ ಅಲಸಂದೆಯಂಥ ದ್ವಿದಳದ ಬಳ್ಳಿಯನ್ನೋ ಸೊಪ್ಪನ್ನೋ, ಸ್ವಲ್ಪ ಬೈಹುಲ್ಲನ್ನೋ ಬೆರೆಸಿ, ಖನಿಜ ಮಿಶ್ರಣವನ್ನೂ ಕೊಡುವುದು ಕ್ರಮ. ಮಳೆಗಾಲದಲ್ಲಿ ಮಿಕ್ಕ ಹುಲ್ಲನ್ನು ಕತ್ತರಿಸಿ, ಗಾಳಿಯಾಡದಂತೆ ಡ್ರಮ್ಮಿನಲ್ಲಿ ತುಳಿದು ತುಂಬಿ ರಸಮೇವು ಮಾಡಿಟ್ಟರೆ ಚೈತ್ರ ವೈಶಾಖಗಳಲ್ಲಿ ಅದು ಕೈಗೆ ಬರುತ್ತದೆ.

ಇನ್ನೆರಡು ಎಚ್ಚರಿಕೆಯ ಮಾತು. ಈ ಹುಲ್ಲು ಗೆಣ್ಣಿನಿಂದ ಹರಡುವುದರಿಂದ, ಒಂದು ತಳಿಯ ಹೆಸರಿನಲ್ಲಿ ನಾಡಿನಲ್ಲೆಲ್ಲ ಇರುವುದು ವಾಸ್ತವವಾಗಿ ಒಂದೇ ಗಿಡ. ಲೂಧಿಯಾನದಲ್ಲಿ ಆರಿಸಿದ ಒಂದು ಸಸಿಯೇ ತುಂಡುತುಂಡಾಗಿ ದೇಶವನ್ನೆಲ್ಲ ಸುತ್ತಿದೆ. ಇದರಿಂದ ಗುಣ ಕೆಡುವುದಿಲ್ಲ ಎಂಬ ಲಾಭವಿದೆ. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲಬಹುದೆಂಬ ಭಯವೂ ಇದೆ. ಪೂರ್ವ ಆಫ್ರಿಕದ ಕೀನ್ಯದಲ್ಲಿ ನೇಪಿಯರನ್ನೇ ನಂಬಿದ ಸಣ್ಣ ಹೈನುಗಾರರ ಹುಲ್ಲಿಗೆ ಜಿಗಿಹುಳು ಹರಡುವ ಕುಳ್ಳುರೋಗ ಬಂದು ಹಿಂಡುಗಳನ್ನೇ ಕಡಿಮೆ ಮಾಡಬೇಕಾದ ಸ್ಥಿತಿ ಬಂತು. ರೋಗ ಹರಡಿದುದು ತುಂಡುಗಳ ಜೊತೆಯಲ್ಲಿಯೇ. ಆದುದರಿಂದ ಹಳದಿಗೊಂಡು ಕುಳ್ಳಾದ ಬುಡದಿಂದ ಎಂದೂ ತುಂಡು ತೆಗೆಯಬೇಡಿರಿ. ಒಂದೇ ತಳಿಯನ್ನು ನೆಚ್ಚದೆ ಎರಡನ್ನು ನೆಡಿರಿ. ಗದ್ದೆಯಂಚಿನ ಹುಲ್ಲು, ಹಾಡಿಯ ಸೊಪ್ಪು, ಗುಡ್ಡ ಮೇಯುವ ಗಿಡ್ಡ ಹಸು ಇವನ್ನೂ ಪೂರ್ಣವಾಗಿ ಕೈಬಿಡಬೇಡಿರಿ. ಹೊಸ ತಳಿ ಬೇಕಾದಾಗ ವಿಜ್ಞಾನಿಗಳು ಹೋಗಿ ಹುಡುಕುವುದು ಹಳೆಯ ಕಾಡುತಳಿಯನ್ನೇ. ಕೊಯಮತ್ತೂರಿನ ಕಬ್ಬಿಗೆ ಬಲ ಬಂದುದು ಕಾಶದ ಹುಲ್ಲಿನಿಂದ ಎಂಬುದನ್ನು ಆಗಲೇ ಹೇಳಿದೆ.

ಎರಡನೆಯದು ಜಾಹೀರಾತಿನ ವಿಷಯ. ಸೂಪರ್ ನೇಪಿಯರ್ ಎಂಬ ಹೆಸರಿನಲ್ಲಿ ಇಂದು ಬಹಳ ಮಾತು ಕೇಳಿಬರುತ್ತಿದೆ. ಥಾಯ್ಲೆಂಡಿನ ಪಾಕ್‌ಚೊಂಗ್ ಎಂಬ ತಳಿಯನ್ನು ಆ ಹೆಸರಿನಿಂದ ಮಾರುತ್ತಾರೆ. ಅದೂ ಇದೇ ಸಜ್ಜೆ, ಇದೇ ನೇಪಿಯರುಗಳ ಸಂತಾನ. ಒಳ್ಳೆಯ ಹುಲ್ಲೇ, ಮಂತ್ರದ ಹುಲ್ಲಲ್ಲ. ಇಷ್ಟು ಟನ್, ಅಷ್ಟು ಟನ್ ಎಂದು ಯಾರಾದರೂ ಹೇಳಿದರೆ ಎಷ್ಟು ನೀರಿಗೆ, ಎಷ್ಟು ಗೊಬ್ಬರಕ್ಕೆ ಎಂದು ಮೊದಲು ಕೇಳಿರಿ. ನೇಪಿಯರ್ ಮಿಶ್ರತಳಿಯ ಬೀಜವೆಂದು ಪೊಟ್ಟಣದಲ್ಲಿ ಕಟ್ಟಿ ಮಾರಲು ಬಂದರೆ, ಅಥವಾ ಅಂಗಳದ ಹಸಲೆಗೆ ಟಿಫ್‌ವೇ ಹುಲ್ಲಿನ ಬೀಜವೆಂದು ತಂದರೆ, ೨೧ ಮತ್ತು ೨೭ರ ಲೆಕ್ಕವನ್ನು ನೆನೆಸಿಕೊಳ್ಳಿರಿ. ಕಟ್ಟದ ಬೀಜವನ್ನು ಯಾರೂ ಕೊಡಲಾರರು.

ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಹಾಲಿನ ಸೊಸೈಟಿಯಲ್ಲೋ ವಿಚಾರಿಸಿದರೆ ತುಂಡು ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಹೆಚ್ಚಾಗಿ ಅದು ಸಿಗುವುದು ನೆರೆಮನೆಯಲ್ಲಿ. ಬೀಜವಿಲ್ಲದ ಈ ಹುಲ್ಲಿಗೆ ಗಾಳಿಯೂ ಹಕ್ಕಿಯೂ ದಾರಿ ಮಾಡಿಕೊಡಲಾರವು. ಕೊಯಮತ್ತೂರಿನಿಂದಾಗಲಿ ಧಾರವಾಡದಿಂದಾಗಲಿ ಅದು ನಮ್ಮ ಊರಿನವರೆಗೆ ಬಂದುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಒಬ್ಬರು ಕೊಡದೆ ಇದ್ದರೆ ಅದರ ಪ್ರಯಾಣ ಅಲ್ಲಿಗೇ ನಿಂತಂತೆ. ನಿಮ್ಮಲ್ಲಿ ಪಟ್ಟಣದಲ್ಲಿದ್ದುಕೊಂಡು ಊರಿನಲ್ಲಿ ಹಡಿಲು ಜಾಗ ಇಟ್ಟುಕೊಂಡವರು ಅನೇಕರಿದ್ದೀರಿ. ಅದರಲ್ಲಿ ಇಪ್ಪತ್ತು ಸೆಂಟ್ಸನ್ನು ಹಸು ಸಾಕುವ ನೆರೆಯವರಿಗೆ ಹುಲ್ಲು ಬೆಳೆಯಲು ಬಿಟ್ಟುಕೊಟ್ಟರೆ ನಿಮಗೆ ನಷ್ಟವಿಲ್ಲ. ಒಂದು ಹಟ್ಟಿ ಬರಿದಾಗದೆ ಉಳಿಯುತ್ತದೆ. ಊರಿನಲ್ಲಿರುವವರಿಗೆ ಇಷ್ಟೇ ವಿನಂತಿ: ಮೊದಲ ಮಳೆ ಹಿಡಿಯುತ್ತಲೇ ನೆಡುವ ಕಾಲ. ಆಗ ನಾಲ್ಕು ಕಡ್ಡಿ ಹುಲ್ಲು ಕೇಳಿಕೊಂಡು ಯಾರಾದರೂ ನಿಮ್ಮ ಮನೆಯ ಬಾಗಿಲಿಗೆ ಬಂದರೆ, ಒಂದು ಹೊರೆಯನ್ನೇ ಕೊಟ್ಟು ಕಳುಹಿಸಿರಿ.